ಮೂರು ತೊಲದ ಒಡವೆಯಲ್ಲಿ ಬಂಗಾರವೆಷ್ಟು?

ಜಗಳೂರು ಕಡೆಯ ಹಳ್ಳಿಯೊಂದರಿಂದ ಬಂದಿದ್ದ ಹಿರಿಯ ಹೆಣ್ಣುಮಗಳೊಬ್ಬರು ದಾವಣಗೆರೆಯ ಬ್ಯಾಂಕ್ ಶಾಖೆಯಲ್ಲಿ ನಾನು ಒಡವೆ ಪರೀಕ್ಷಿಸುವ ಮೇಜಿನ ಮೇಲೆ ಬಟ್ಟೆಯ ಗಂಟೊಂದನ್ನು ಬಿಚ್ಚಿ, ಒಂದು ಬೋರಮಾಳವನ್ನೂ (ಬಂಗಾರದ ಪೊಳ್ಳು ಗುಂಡುಗಳ ಸರ) ಕೆಂಪು ಕಲ್ಲಿನ ಒಂದು ಜೊತೆ ವಾಲೆಯನ್ನೂ ಇಟ್ಟರು. "ನಮ್ಮತ್ತೆ ಕಾಲದ್ದಪ್ಪ, ಮೂರು ತೊಲ ಐತೆ" ಎಂದರು. ತಕ್ಕಡಿ 35 ಗ್ರಾಂ ತೋರಿಸಿತು. ಅವರ ಮಾತು ಸರಿಯಾಗಿಯೇ ಇತ್ತು. ಆದರೆ ಗುಂಡುಗಳೊಳಗಿನ ಅರಗು, ವಾಲೆಯ ಕಲ್ಲು, ಪೋಣಿಸಿದ ದಾರ ಎಲ್ಲಕ್ಕೂ ಸುಮಾರು 9 ಗ್ರಾಂ ಕಳೆದಾಗ ಉಳಿದದ್ದು 26 ಗ್ರಾಂ. ಒರೆಗೆ ಹಚ್ಚಿದಾಗ ಅದು 20 ಕ್ಯಾರೆಟ್ಟಿನ ಬಂಗಾರವೆಂದು ತಿಳಿಯಿತು. ಬ್ಯಾಂಕಿನವರು ಸಾಲ ಕೊಡುವಾಗ ಆಗ ಇಟ್ಟುಕೊಳ್ಳುತ್ತಿದ್ದ 22 ಕ್ಯಾರೆಟ್ಟಿನ ಲೆಕ್ಕಕ್ಕೆ ತಿರುಗಿಸಿದರೆ ಅದು ಇಪ್ಪತ್ತನಾಲ್ಕು ಗ್ರಾಂ ಕೂಡ ಆಗಲಿಲ್ಲ. "ಉಳಿದ ಬಂಗಾರ ಎಲ್ಲಿ ಹೋತಪ್ಪ?" ಎಂದು ಅವರು ಕೇಳಿದರು. ಬಂಗಾರ ಎಲ್ಲಿಗೂ ಹೋಗಿರಲಿಲ್ಲ. ಅಷ್ಟು ಬಂಗಾರ ಆ ಒಡವೆಯಲ್ಲಿ ಮೊದಲಿನಿಂದಲೂ ಇರಲಿಲ್ಲ ಎಂಬುದನ್ನು ಅವರಿಗೆ ನೋವಾಗದಂತೆ ಹೇಳುವುದು ನನಗೆ ಇಂದಿಗೂ ಕಷ್ಟದ ಕೆಲಸ.

ಒಡವೆಯೊಂದರಲ್ಲಿ ಲೋಹದ ತೂಕ, ಲೋಹದ ಶುದ್ಧತೆ, ಕಲ್ಲಿನ ತೂಕ ಎಂಬ ಮೂರು ಲೆಕ್ಕಗಳಿರುತ್ತವೆ. ಇವನ್ನು ಬೇರೆ ಬೇರೆ ಬರೆಸಿಕೊಳ್ಳದೆ ಒಟ್ಟಾಗಿ ನೋಡಿದಾಗಲೇ ಕೊಳ್ಳುವವರಿಗೆ ನಷ್ಟವಾಗುತ್ತದೆ. ಗೊಂದಲಕ್ಕೆ ಒಂದು ಪದವೂ ಕಾರಣವಾಗಿದೆ. ನಾವು ಬಂಗಾರಕ್ಕೆ ಹೇಳುವ ಕ್ಯಾರೆಟ್ ಶುದ್ಧತೆಯ ಅಳತೆ: ಇಪ್ಪತ್ತನಾಲ್ಕು ಪಾಲಿನಲ್ಲಿ ಎಷ್ಟು ಪಾಲು ಬಂಗಾರ ಎಂಬುದನ್ನು ಅದು ಹೇಳುತ್ತದೆ. ವಜ್ರಕ್ಕೂ ಪಚ್ಚೆಗೂ ಹೇಳುವ ಕ್ಯಾರೆಟ್ ತೂಕದ ಅಳತೆ: ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ, ಐದು ಕ್ಯಾರೆಟ್ಟಿಗೆ ಒಂದು ಗ್ರಾಂ. ನಮ್ಮ ಹಿರಿಯರು ಗುಲಗಂಜಿಯಲ್ಲಿ ತೂಗುತ್ತಿದ್ದಾಗ ಈ ತೊಡಕಿರಲಿಲ್ಲ. 96 ಗುಲಗಂಜಿಗೆ ಒಂದು ತೊಲ, ಅಂದರೆ ಇಂದಿನ 11.664 ಗ್ರಾಂ.

ಅಪ್ಪಟ ಬಂಗಾರ ಮೆತ್ತಗಿರುವುದರಿಂದ ದಿನನಿತ್ಯ ತೊಡುವ ಒಡವೆಗೆ ಅದೊಂದೇ ಸಾಲದು. ತಾಮ್ರವನ್ನೋ ಬೆಳ್ಳಿಯನ್ನೋ ಬೆರೆಸಿ ಗಟ್ಟಿ ಮಾಡುತ್ತಾರೆ. (ಹೊನ್ನಾಳಿ ಸೀಮೆಯಲ್ಲಿ ಹಿಂದೆ ಚಿನ್ನದ ಗಣಿಗಳಿದ್ದವು, ಚಿತ್ರದುರ್ಗದ ಪಕ್ಕದ ಇಂಗಳದಾಳಿನಲ್ಲಿ ತಾಮ್ರ ತೆಗೆಯುತ್ತಿದ್ದರು, ಇಪ್ಪತ್ತೆರಡು ಕ್ಯಾರೆಟ್ಟಿಗೆ ಬೇಕಾದ ಎರಡೂ ಲೋಹಗಳು ನಮ್ಮ ನೆಲದಲ್ಲೇ ಇವೆ ಎಂಬುದು ನನಗೆ ಸಂತೋಷ ಕೊಡುವ ಸಂಗತಿ.) 22 ಕ್ಯಾರೆಟ್ ಎಂದರೆ ಸಾವಿರದಲ್ಲಿ 916 ಪಾಲು, 18 ಕ್ಯಾರೆಟ್ ಎಂದರೆ 750 ಪಾಲು. ಕಲ್ಲನ್ನು ಬಿಗಿಯಾಗಿ ಹಿಡಿಯಬೇಕಾದ ವಜ್ರದ ಒಡವೆಗಳು 18 ಕ್ಯಾರೆಟ್ಟಿನಲ್ಲಿರುವುದು ಸಾಮಾನ್ಯ. ಅದು ಮೋಸವಲ್ಲ, ಆದರೆ 22ರ ದರ ಹಾಕಿದರೆ ಮೋಸ.

ಕೆಡಿಎಂ ಎಂಬ ಮಾತನ್ನು ಇಲ್ಲಿ ಬಿಡಿಸಿ ಹೇಳಬೇಕು, ಏಕೆಂದರೆ ಇಂದಿಗೂ ಅನೇಕರು ಅದನ್ನು ಶುದ್ಧತೆಯ ಗುರುತೆಂದೇ ನಂಬಿದ್ದಾರೆ. ಅದು ಕ್ಯಾಡ್ಮಿಯಂ ಬೆರೆಸಿದ ಬೆಸುಗೆಯ ಹೆಸರು. ಹಿಂದೆ ಅಕ್ಕಸಾಲಿಗರು ಬಿಳಿಗಾರ (ಬೊರಾಕ್ಸ್) ಹಚ್ಚಿ, ತಾಮ್ರ ಬೆಳ್ಳಿ ಹೆಚ್ಚಿರುವ ಬೆಸುಗೆಯಿಂದ ಕೊಂಡಿಗಳನ್ನು ಕೂಡಿಸುತ್ತಿದ್ದುದರಿಂದ, ಬೆಸುಗೆ ಜಾಸ್ತಿ ಇರುವ ಒಡವೆಯನ್ನು ಕರಗಿಸಿದಾಗ ಒಟ್ಟು ಶುದ್ಧತೆ ಇಳಿಯುತ್ತಿತ್ತು. ಕ್ಯಾಡ್ಮಿಯಂ 767 ಡಿಗ್ರಿ ಸೆಲ್ಸಿಯಸ್ಸಿಗೇ ಕುದಿದು ಆವಿಯಾಗುವ ಲೋಹವಾದ್ದರಿಂದ ಶುದ್ಧತೆ ಅಷ್ಟಾಗಿ ಇಳಿಯುತ್ತಿರಲಿಲ್ಲ. ಆದರೆ ಆ ಆವಿಯನ್ನು ಉಸಿರಾಡಿದವರು ಊದುಕೊಳವೆ ಹಿಡಿದು ಕುಳಿತಿದ್ದ ಕೆಲಸಗಾರರು. ಅದು ಶ್ವಾಸಕೋಶವನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತದೆ. ಆ ಕಾರಣಕ್ಕೇ ಕೆಡಿಎಂ ಎಂದು ಹೆಮ್ಮೆಯಿಂದ ಹೇಳಿ ಮಾರುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ನಂಬಬೇಕಾದ ಗುರುತು ಹಾಲ್‌ಮಾರ್ಕ್. ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಬಂಗಾರಕ್ಕೆ 2000ದಲ್ಲಿ ಆರಂಭಿಸಿದ ಈ ಪದ್ಧತಿ 2021ರ ಜೂನ್ 23ರಿಂದ ಮೊದಲ ಹಂತದಲ್ಲಿ 256 ಜಿಲ್ಲೆಗಳಲ್ಲಿ ಕಡ್ಡಾಯವಾಯಿತು. ಬ್ಯೂರೋದ ಚಿಹ್ನೆ, 22ಕೆ916 ಎಂಬಂಥ ಶುದ್ಧತೆ, ಅಕ್ಷರ ಮತ್ತು ಅಂಕಿ ಬೆರೆತ ಆರು ಸ್ಥಾನಗಳ ಎಚ್‌ಯುಐಡಿ ಎಂಬ ಆ ಒಡವೆಯದೇ ಗುರುತಿನ ಸಂಖ್ಯೆ, ಇವು ಮೂರೂ ಒಡವೆಯ ಮೇಲಿರಬೇಕು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಎರಡು ಗ್ರಾಮಿಗಿಂತ ಕಡಿಮೆ ತೂಕದ ಒಡವೆಗಳಿಗೂ ಕುಂದಣ, ಪೋಲ್ಕಿ ಎಂಬ ಕಲ್ಲು ಕೂರಿಸುವ ಕೆಲಸದವಕ್ಕೂ ವಿನಾಯಿತಿ ಇದೆ.

ಅಜ್ಜಿಯ ಕಾಲದ ಒಡವೆಗೆ ಇಂಥ ಮುದ್ರೆ ಇರುವುದಿಲ್ಲವಾದ್ದರಿಂದ ಪರೀಕ್ಷೆಯೇ ಗತಿ. ಒರೆಗಲ್ಲಿನ ಗೆರೆಯ ಮೇಲೆ ನೈಟ್ರಿಕ್ ಆಮ್ಲ ಹಾಕಿದರೆ ತಾಮ್ರ, ಬೆಳ್ಳಿ ಕರಗಿ ಬಂಗಾರ ನಿಲ್ಲುತ್ತದೆ. ಶುದ್ಧತೆ ಗೊತ್ತಿರುವ ಕಡ್ಡಿಯ ಗೆರೆಯೊಡನೆ ಅದನ್ನು ಹೋಲಿಸುತ್ತೇವೆ. ಎಕ್ಸ್-ಕಿರಣದಿಂದ ಲೋಹ ಗುರುತಿಸುವ ಎಕ್ಸ್‌ಆರ್‌ಎಫ್ ಯಂತ್ರ ಒಡವೆಗೆ ಗೀರು ಬೀಳದಂತೆ ಅಂಕಿ ಕೊಡುತ್ತದೆ, ಆದರೆ ಅದು ಕಾಣುವುದು ಮೇಲ್ಪದರವನ್ನು ಮಾತ್ರ. ದಪ್ಪ ಲೇಪವಿದ್ದರೆ ಒಳಗಿನದನ್ನು ಹೇಳಲಾರದು. ನೀರಿನಲ್ಲಿ ತೂಗುವ ವಿಧಾನವೂ ಉಂಟು: 22 ಕ್ಯಾರೆಟ್ಟಿನ 17.7 ಗ್ರಾಂ ಗಟ್ಟಿ ಬಳೆ ನೀರಿನಲ್ಲಿ ಸುಮಾರು ಒಂದು ಗ್ರಾಂ ಕಡಿಮೆ ತೂಗುತ್ತದೆ, ಹಗುರ ಲೋಹ ಹೆಚ್ಚು ಬೆರೆತಿದ್ದರೆ ಇನ್ನಷ್ಟು ಇಳಿಯುತ್ತದೆ. ಆದರೆ ಬೋರಮಾಳ, ಗುಂಡಿನ ಸರಗಳಿಗೆ ಈ ವಿಧಾನ ಸಲ್ಲದು. ಅವುಗಳ ತೆಳು ತಗಡು ನಗ್ಗದಿರಲೆಂದು ಒಳಗೆ ಹಗುರವಾದ ಅರಗು ತುಂಬಿರುವುದರಿಂದ, ಒಳ್ಳೆಯ ಬಂಗಾರವೂ ಕಳಪೆಯಂತೆ ತೋರುತ್ತದೆ. ಅರಗಿನ ತೂಕವನ್ನು ನಾವು ಅನುಭವದಿಂದ ಅಂದಾಜು ಮಾಡುತ್ತೇವೆ, ನಿಖರವಾಗಿ ತಿಳಿಯಲು ಕರಗಿಸಲೇಬೇಕು. ಅಂಥ ಸರಗಳನ್ನು ಬಿಸಿನೀರಿನಲ್ಲಿ ತೊಳೆಯಬಾರದು, ಅರಗು ಮೆತ್ತಗಾಗಿ ಜಾರುತ್ತದೆ.

ಇನ್ನು ಕಲ್ಲುಗಳು. ಕೆಂಪು ಮತ್ತು ನೀಲ ಕುರುವಿಂದ (ಕೊರಂಡಮ್) ಎಂಬ ಒಂದೇ ಖನಿಜದ ಎರಡು ಬಣ್ಣಗಳು. ಕ್ರೋಮಿಯಂ ಇದ್ದರೆ ಕೆಂಪು, ಕಬ್ಬಿಣ ಮತ್ತು ಟೈಟಾನಿಯಂ ಇದ್ದರೆ ನೀಲಿ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ವೆರ್ನೂಯಿ 1902ರಲ್ಲಿ ಜ್ವಾಲೆಯಲ್ಲಿ ಪುಡಿ ಕರಗಿಸಿ ಕೆಂಪನ್ನು ಬೆಳೆಸುವ ವಿಧಾನವನ್ನು ಪ್ರಕಟಿಸಿದ ಮೇಲೆ, ಹಳೆಯ ಒಡವೆ ಎಂದ ಮಾತ್ರಕ್ಕೆ ಅದರ ಕೆಂಪು ಗಣಿಯದೆಂದು ಹೇಳುವಂತಿಲ್ಲ. ಹತ್ತುಪಟ್ಟು ಹಿಗ್ಗಿಸುವ ಮಸೂರದಲ್ಲಿ ಬಾಗಿದ ಗೆರೆಗಳೂ ಗಾಳಿಗುಳ್ಳೆಗಳೂ ಕಂಡರೆ ಅದು ಕುಲುಮೆಯ ಕಲ್ಲು. ಜಗಳೂರಿನ ಆ ತಾಯಿಯ ವಾಲೆಯಲ್ಲಿ ಕಂಡದ್ದೂ ಅದೇ. ಬ್ಯಾಂಕಿನ ಲೆಕ್ಕದಲ್ಲಿ ಕಲ್ಲಿಗೆ ಬೆಲೆಯಿಲ್ಲವೆಂದು ತಿಳಿದ ಮೇಲೆ ಅವರು ವಾಲೆಯನ್ನು ಹಿಂದಕ್ಕೆ ತೆಗೆದುಕೊಂಡು ಬೋರಮಾಳವನ್ನಷ್ಟೇ ಅಡವಿಟ್ಟರು. ಅದು ಸರಿಯಾದ ತೀರ್ಮಾನವೆಂದೇ ನಾನು ಹೇಳಿದೆ.

ಮುತ್ತು ಮತ್ತು ಹವಳ ಜೀವಿಗಳಿಂದ ಬಂದವು, ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಹುಣಸೆಹಣ್ಣು, ನಿಂಬೆರಸ ತಾಗಿದರೆ ಅವುಗಳ ಹೊಳಪು ಕರಗಿಹೋಗುತ್ತದೆ. ಪಚ್ಚೆಯ ಬಿರುಕುಗಳಿಗೆ ಎಣ್ಣೆ ತುಂಬಿಸುವುದು ರೂಢಿ; ಬಿಸಿ ಸೋಪಿನ ನೀರು ಅದಕ್ಕೂ ಆಗದು.

ವಜ್ರದ ವಿಚಾರದಲ್ಲಿ ಈಗ ಹೆಚ್ಚು ಕೇಳಿಬರುವುದು ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರ. ಅದೂ ಇಂಗಾಲವೇ, ಅದೂ ವಜ್ರವೇ, ಆದ್ದರಿಂದ ಶಾಖ ಹರಿಯುವುದನ್ನು ನೋಡುವ ಅಂಗಡಿಯ ಪೆನ್ನಿನಂಥ ಉಪಕರಣ ಎರಡನ್ನೂ ಒಂದೇ ಎನ್ನುತ್ತದೆ. ಮಾಯ್ಸನೈಟ್ ಎಂಬ ಬೇರೆಯೇ ಕಲ್ಲೂ ಆ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ. ಬೆಳೆಸಿದ ವಜ್ರದ ಮರುಮಾರಾಟದ ಬೆಲೆ ಗಣಿಯ ವಜ್ರದ್ದಕ್ಕಿಂತ ಬಹಳ ಕಡಿಮೆಯಾದ್ದರಿಂದ, ಯಾವುದೆಂದು ಸ್ಪಷ್ಟವಾಗಿ ಬರೆದ ಪ್ರಮಾಣಪತ್ರವಿಲ್ಲದೆ ಕೊಳ್ಳಬಾರದು.

ಮದುವೆ ಕಾಲದಲ್ಲಿ 40 ಗ್ರಾಮಿನ ಕಲ್ಲಿನ ನೆಕ್ಲೇಸ್ ನೋಡಿದಿರೆನ್ನಿ. ಅದರಲ್ಲಿ 30 ಕ್ಯಾರೆಟ್ ಕಲ್ಲಿದ್ದರೆ 6 ಗ್ರಾಂ ಕಳೆಯಬೇಕು. ಬಂಗಾರದ ದರ 34 ಗ್ರಾಮಿಗೆ ಮಾತ್ರ, ಕಲ್ಲಿಗೆ ಅದರದೇ ದರ, ಮಜೂರಿ ಬೇರೆ. ಹಾಲ್‌ಮಾರ್ಕ್ ಒಡವೆಯ ಬಿಲ್ಲಿನಲ್ಲಿ ಬಂಗಾರದ ನಿವ್ವಳ ತೂಕ, ಶುದ್ಧತೆ, ಹಾಲ್‌ಮಾರ್ಕ್ ಶುಲ್ಕಗಳನ್ನು ಪ್ರತ್ಯೇಕವಾಗಿ ನಮೂದಿಸಬೇಕೆಂದು ನಿಯಮವೇ ಇದೆ. ಶುದ್ಧತೆ ಮುದ್ರೆಗಿಂತ ಕಡಿಮೆ ಬಂದರೆ, ಆ ಕೊರತೆಯ ಬೆಲೆಯ ಎರಡರಷ್ಟನ್ನೂ ಪರೀಕ್ಷೆಯ ಶುಲ್ಕವನ್ನೂ ಪರಿಹಾರವಾಗಿ ಕೇಳುವ ಹಕ್ಕು ಕೊಂಡವರಿಗಿದೆ, ಅದಕ್ಕೆ ಬಿಲ್ಲು ಕೈಯಲ್ಲಿರಬೇಕು.