ಭೂಮಿಯ ನಾಲ್ಕು ಮೂಲೆಗಳು

ಬೈಬಲ್‌ನ ಕೊನೆಯ ಪುಸ್ತಕ ಪ್ರಕಟನೆ. ಅದರ 7ನೇ ಅಧ್ಯಾಯದಲ್ಲಿ ನಾಲ್ಕು ದೇವದೂತರು ಭೂಮಿಯ ನಾಲ್ಕು ಮೂಲೆಗಳಲ್ಲಿ ನಿಂತು ಗಾಳಿಯನ್ನು ತಡೆದು ಹಿಡಿಯುತ್ತಾರೆ. 1893ರಲ್ಲಿ ಅಮೆರಿಕದ ಸೌತ್ ಡಕೋಟಾದ ಆರ್ಲಾಂಡೊ ಫರ್ಗ್ಯುಸನ್ ಎಂಬಾತ ಇದನ್ನು ಇದ್ದಹಾಗೇ ನಂಬಿ ಒಂದು ನಕ್ಷೆ ಅಚ್ಚು ಹಾಕಿಸಿದ. ಭೂಮಿ ಚೌಕ. ಮೂಲೆಗೊಬ್ಬ ದೇವದೂತ. ಪಕ್ಕದಲ್ಲೊಂದು ಪುಟ್ಟ ಚಿತ್ರ. ಅದರಲ್ಲಿ ದುಂಡನೆಯ ಭೂಮಿ ಆಕಾಶದಲ್ಲಿ ಹಾರುತ್ತಿದೆ, ಇಬ್ಬರು ಬಿದ್ದುಹೋಗದಂತೆ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ. ಭೂಮಿ ದುಂಡಗಿದೆ ಅನ್ನುವವರಿಗೆ ಮಾಡಿದ ಅಣಕ ಅದು. ದುಂಡು ಭೂಮಿಯ ವಿರುದ್ಧ ಬೈಬಲ್‌ನಲ್ಲಿ ನಾನೂರು ವಚನಗಳಿವೆ ಎಂದೂ ನಕ್ಷೆಯ ಮೇಲೆ ಬರೆಸಿದ.

ಹಳೇ ಕಾಲದ ಕ್ರೈಸ್ತರೆಲ್ಲ ಹೀಗೇ ನಂಬಿದ್ದರು, ಈತ ಅವರಲ್ಲಿ ಕೊನೆಗೆ ಉಳಿದವನು ಅನ್ನಿಸುತ್ತೆ, ಅಲ್ವಾ? ಆದರೆ ನಡೆದದ್ದು ಹೆಚ್ಚುಕಮ್ಮಿ ಉಲ್ಟಾ.

ಮೊದಲು ಪದಗಳನ್ನು ನೋಡೋಣ. ಜಗಳವೆಲ್ಲ ಇರುವುದು ಅಲ್ಲೇ. ಬೈಬಲ್‌ನ ಯೆಶಾಯ ಎಂಬ ಪುಸ್ತಕದ 40:22ರಲ್ಲಿ ದೇವರು ಭೂಮಿಯ 'ಹೂಗ್' ಮೇಲೆ ಕೂತಿದ್ದಾನೆ. ಈ ಹೀಬ್ರೂ ಪದಕ್ಕೆ ವೃತ್ತ ಎಂದರ್ಥ. ಅದೇ ಪುಸ್ತಕದ 44ನೇ ಅಧ್ಯಾಯದಲ್ಲಿ ಬಡಗಿಯ ಕೈವಾರಕ್ಕೂ ಇದೇ ಮೂಲದ ಪದವಿದೆ. ಗೋಳವೆಂದೇ ಹೇಳಬೇಕಿದ್ದರೆ 22ನೇ ಅಧ್ಯಾಯದಲ್ಲಿ ಚೆಂಡಿಗೆ ಬಳಸಿದ 'ದೂರ್' ಪದ ಇತ್ತು ಎನ್ನುವುದು ಒಂದು ವಾದ. ಇನ್ನು ಬೈಬಲ್‌ನ ಮೊದಲ ಪುಸ್ತಕ ಆದಿಕಾಂಡ. ಅದರ ಮೊದಲ ಅಧ್ಯಾಯದ 'ರಾಕೀಯ', ಅಂದರೆ ಆಕಾಶದ ಗುಮ್ಮಟ. ಈ ಪದದ ಕ್ರಿಯಾರೂಪ ವಿಮೋಚನಕಾಂಡ 39ರಲ್ಲಿ ಬರುತ್ತದೆ. ಅಲ್ಲಿ ಚಿನ್ನವನ್ನು ಬಡಿದು ತೆಳು ತಗಡು ಮಾಡುತ್ತಾರೆ. ಹಾಗಾಗಿ ಕೇಳಿದವರ ಮನಸ್ಸಿಗೆ ಬರುತ್ತಿದ್ದದ್ದು ಬಡಿದು ಹರಡಿದ ಗಟ್ಟಿ ಚಾವಣಿ. ಯೋಬನ ಗ್ರಂಥದಲ್ಲಂತೂ ಎರಡೂ ಇದೆ. 9ನೇ ಅಧ್ಯಾಯದಲ್ಲಿ ಭೂಮಿಗೆ ಕಂಬಗಳಿವೆ. 26ನೇ ಅಧ್ಯಾಯದಲ್ಲಿ ಅದು ಏನೂ ಇಲ್ಲದ ಕಡೆ ತೂಗುತ್ತಿದೆ.

ಹಳೇ ಹೀಬ್ರೂ ಜನರ ಕಣ್ಣ ಮುಂದೆ ಇದ್ದದ್ದು ಚಪ್ಪಟೆ ನೆಲ, ಮೇಲೊಂದು ಗುಮ್ಮಟ ಎಂದೇ ಇವತ್ತು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ನನಗೂ ಅದೇ ಸರಿ ಕಾಣುತ್ತದೆ. ಆದರೆ ಅವರು ಹಾಗೆ ಕಂಡರು ಅನ್ನುವುದು ಬೇರೆ, ಬೈಬಲ್ ಅದನ್ನು ಪಾಠವಾಗಿ ಹೇಳಿಕೊಡುತ್ತಿದೆ ಅನ್ನುವುದು ಬೇರೆ. ದೇಶದ ಮೂಲೆಮೂಲೆಯಿಂದ ಜನ ಬಂದರು ಅಂತ ನಾವೂ ಹೇಳುತ್ತೇವೆ. ಯಾರೂ ಮೂಲೆ ಎಣಿಸಲು ಹೋಗುವುದಿಲ್ಲ.

ಈ ವ್ಯತ್ಯಾಸ ಹಿಂದಿನವರಿಗೆ ಗೊತ್ತಿತ್ತು. 4ನೇ ಶತಮಾನದ ಬಿಷಪ್ ಬೆಸಿಲ್ ತಮ್ಮ ಪ್ರವಚನದಲ್ಲಿ ಪಂಡಿತರ ತರ್ಕಗಳನ್ನು ಒಂದೊಂದಾಗಿ ಹೆಸರಿಸುತ್ತಾರೆ. ಭೂಮಿ ಗೋಳವೋ, ಉರುಳೆಯೋ, ತಟ್ಟೆಯೋ, ಇಲ್ಲಾ ಮೊರದ ಹಾಗೆ ನಡುವೆ ತಗ್ಗಾಗಿದೆಯೋ? ಆದಿಕಾಂಡ ಬರೆದನೆಂದು ನಂಬಿದ್ದ ಮೋಶೆ ಇದರ ಬಗ್ಗೆ ಏನೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ ಎಂದು ಮುಂದೆ ಹೋಗುತ್ತಾರೆ. ಇನ್ನೊಬ್ಬ ಬಿಷಪ್ ಅಗಸ್ಟೀನ್ ಇನ್ನೂ ಖಾರ. ಪ್ರಕೃತಿಯ ಬಗ್ಗೆ ಏನೂ ಗೊತ್ತಿಲ್ಲದ ಕ್ರೈಸ್ತ ಧರ್ಮಗ್ರಂಥದ ಹೆಸರಲ್ಲಿ ಬಾಯಿಗೆ ಬಂದಂತೆ ಮಾತಾಡಿದರೆ, ತಿಳಿದವರು ಗ್ರಂಥವನ್ನೇ ನೋಡಿ ನಗುತ್ತಾರೆ ಎನ್ನುವುದು ಅವರ ಸಿಟ್ಟು.

ಚಪ್ಪಟೆ ಅಂದವರೂ ಇದ್ದರು. ಹಳೇ ಕಾಲದ ಕ್ರೈಸ್ತ ಲೇಖಕ ಲ್ಯಾಕ್ಟಾಂಟಿಯಸ್ ಗೋಳದ ಕಲ್ಪನೆಯನ್ನೇ ಗೇಲಿ ಮಾಡಿದ. ಆಚೆ ಬದಿಯಲ್ಲಿ ಮಳೆ ಮೇಲಕ್ಕೆ ಬೀಳುತ್ತದಾ ಎಂದು ಕೇಳಿದ. 6ನೇ ಶತಮಾನದ ಅಲೆಕ್ಸಾಂಡ್ರಿಯದ ಕಾಸ್ಮಾಸ್ ಒಂದು ದೊಡ್ಡ ಪುಸ್ತಕವನ್ನೇ ಬರೆದ. ವ್ಯಾಪಾರಕ್ಕಾಗಿ ಹಡಗು ಹತ್ತಿ ಸುತ್ತಾಡಿದವನು, ಆದರೂ ವಿಶ್ವವನ್ನು ಗುಡಾರದೊಳಗೆ ಕೂರಿಸಿದ. ಮೋಶೆ ಆರಾಧನೆಗೆಂದು ಕಟ್ಟಿಸಿದ ದೇವಗುಡಾರವೇ ವಿಶ್ವದ ಮಾದರಿ ಎಂದು ಅವನ ವಾದ. ಅಲ್ಲಿನ ಮೇಜು ಎರಡು ಮೊಳ ಉದ್ದ, ಒಂದು ಮೊಳ ಅಗಲ. ಹಾಗಾಗಿ ಭೂಮಿಯೂ ಅಗಲಕ್ಕಿಂತ ಎರಡರಷ್ಟು ಉದ್ದ! ರಾತ್ರಿ ಆಗುವುದು ಸೂರ್ಯ ಉತ್ತರದ ದೊಡ್ಡ ಬೆಟ್ಟದ ಹಿಂದೆ ಹೋದಾಗ. ಅವನ ಕಾಲದಲ್ಲೇ ಅದೇ ಊರಿನ ಕ್ರೈಸ್ತ ಪಂಡಿತ ಜಾನ್ ಫಿಲೋಪೋನಸ್ ಇಂಥ ವಾದವನ್ನು ಎದುರಿಸಿ ಬರೆದ. ಮಧ್ಯಯುಗದ ಪಶ್ಚಿಮ ಯುರೋಪಿಗೆ ಕಾಸ್ಮಾಸ್ ಯಾರೆಂದೇ ಗೊತ್ತಿರಲಿಲ್ಲ.

ಅಲ್ಲಿ ಓದುತ್ತಿದ್ದದ್ದು ಬೀಡ್ ಎಂಬ ಇಂಗ್ಲಿಷ್ ಸನ್ಯಾಸಿಯನ್ನು. ಭೂಮಿ ಗುರಾಣಿಯಂತೆ ಅಲ್ಲ, ಚೆಂಡಿನಂತೆ ದುಂಡಗಿದೆ ಎಂದು ಅವರು 725ರಲ್ಲೇ ಬರೆದಿದ್ದರು. 13ನೇ ಶತಮಾನದಲ್ಲಿ ಧರ್ಮಪಂಡಿತ ಥಾಮಸ್ ಅಕ್ವಿನಾಸ್ ಭೂಮಿ ಗೋಳ ಎನ್ನುವುದನ್ನು ಸುಮ್ನೆ ಒಂದು ಉದಾಹರಣೆಯಾಗಿ ಕೊಟ್ಟು ಮುಂದೆ ಹೋಗುತ್ತಾರೆ. ಯಾರೂ ತಕರಾರು ತೆಗೆಯುವುದಿಲ್ಲ ಎಂಬ ಧೈರ್ಯ.

ಹಾಗಾದರೆ ಕೊಲಂಬಸ್‌ಗೆ ಪಾದ್ರಿಗಳು ಭೂಮಿ ಚಪ್ಪಟೆ ಅಂದ ಕಥೆ? ಅದನ್ನು ಜನಪ್ರಿಯ ಮಾಡಿದ್ದು 1828ರಲ್ಲಿ ವಾಷಿಂಗ್ಟನ್ ಇರ್ವಿಂಗ್ ಬರೆದ ಕೊಲಂಬಸ್ ಚರಿತ್ರೆ. ನಿಜವಾದ ಜಗಳ ಭೂಮಿಯ ಆಕಾರದ್ದಲ್ಲ, ಅಳತೆಯದ್ದು. ಅದರಲ್ಲಿ ತಪ್ಪು ಲೆಕ್ಕ ಹಾಕಿದ್ದು ಕೊಲಂಬಸ್.

ತಮಾಷೆ ಅಂದರೆ, ಚಪ್ಪಟೆ ಭೂಮಿ ಒಂದು ಚಳವಳಿಯಾಗಿ ಎದ್ದದ್ದು ಇದಾದ ಮೇಲೆ. 1849ರಲ್ಲಿ ಇಂಗ್ಲೆಂಡಿನ ಸ್ಯಾಮ್ಯುಯೆಲ್ ರೋಬಾಥಮ್ 'ಪ್ಯಾರಲಾಕ್ಸ್' ಎಂಬ ಹೆಸರಿನಲ್ಲಿ ಕಿರುಪುಸ್ತಕ ತಂದ. ಅವನನ್ನು ಓದಿ ಮರುಳಾದ ಜಾನ್ ಹ್ಯಾಂಪ್ಡನ್, ನೀರಿನ ಮೇಲ್ಮೈ ಬಾಗಿದ್ದನ್ನು ತೋರಿಸಿದರೆ 500 ಪೌಂಡ್ ಎಂದು ಬಾಜಿ ಕಟ್ಟಿದ. ಒಪ್ಪಿಕೊಂಡವರು ಜೀವವಿಜ್ಞಾನಿ ಆಲ್‌ಫ್ರೆಡ್ ರಸೆಲ್ ವಾಲೇಸ್. 1870ರಲ್ಲಿ ಬೆಡ್‌ಫರ್ಡ್ ಕಾಲುವೆಯ 6 ಮೈಲಿ ನೇರ ಹರವಿನಲ್ಲಿ ಪರೀಕ್ಷೆ ನಡೆಯಿತು. ನೀರಿನಿಂದ ಒಂದೇ ಎತ್ತರದಲ್ಲಿ ಗುರುತುಗಳನ್ನು ಇಟ್ಟು ದೂರದರ್ಶಕದಲ್ಲಿ ನೋಡಿದರೆ, ನಡುವಿನ ಗುರುತು ಮೇಲಕ್ಕೆ ಎದ್ದು ಕಂಡಿತು. ವಾಲೇಸ್ ಗೆದ್ದರು, ನೆಮ್ಮದಿ ಕಳೆದುಕೊಂಡರು. ಹ್ಯಾಂಪ್ಡನ್ ವರ್ಷಗಟ್ಟಲೆ ಅವರನ್ನು ಬೈದು ಬರೆಯುತ್ತಲೇ ಇದ್ದ, ಅದಕ್ಕಾಗಿ ಜೈಲಿಗೂ ಹೋದ.

ಇಂದು ಪ್ರಮುಖ ಕ್ರೈಸ್ತ ಸಭೆಗಳಲ್ಲಿ (ಚರ್ಚುಗಳಲ್ಲಿ) ಯಾವುದೂ ಭೂಮಿ ಚಪ್ಪಟೆ ಅನ್ನುವುದಿಲ್ಲ. ಬದಲಿಗೆ ಕೆಲವರು ಯೆಶಾಯನ ವೃತ್ತವನ್ನೇ ಗೋಳ ಮಾಡಿ, ನೋಡಿ, ಬೈಬಲ್‌ನಲ್ಲಿ ವಿಜ್ಞಾನ ಮೊದಲೇ ಇತ್ತು ಅನ್ನುತ್ತಾರೆ. ಚಪ್ಪಟೆ ವಾದಿಗಳು ಅದೇ ವೃತ್ತವನ್ನು ತಟ್ಟೆ ಅನ್ನುತ್ತಾರೆ. ಅದೇ ವಚನ ಮನುಷ್ಯರನ್ನು ಮಿಡತೆಗಳು ಅನ್ನುತ್ತದೆ. ಅದನ್ನು ಮಾತ್ರ ಇಬ್ಬರೂ ಹೋಲಿಕೆ ಎಂದು ಬಿಟ್ಟುಬಿಡುತ್ತಾರೆ.

ಇಕ್ಕಟ್ಟು ಜಾಸ್ತಿ ಇರುವುದು ಆರು ದಿನದ ಸೃಷ್ಟಿಯನ್ನು ಅಕ್ಷರಶಃ ನಂಬುವವರಿಗೆ. ಅವರಲ್ಲಿ 'ಆನ್ಸರ್ಸ್ ಇನ್ ಜೆನೆಸಿಸ್' ಸಂಸ್ಥೆ ಚಪ್ಪಟೆ ಭೂಮಿಯ ವಾದವನ್ನು ಖಂಡಿಸಿ ಬರೆಯುತ್ತಲೇ ಇದೆ. ಕಂಬ, ಮೂಲೆ ಇವೆಲ್ಲ ಕಾವ್ಯದ ಭಾಷೆ, ಅಕ್ಷರಶಃ ತಗೋಬೇಡಿ ಅನ್ನುವುದು ಅಂಥವರ ಉತ್ತರ. ಚಪ್ಪಟೆ ವಾದಿಗಳು ಆದಿಕಾಂಡದ ಮೊದಲ ಪುಟ ತೆಗೆದು ತೋರಿಸುತ್ತಾರೆ. ಆ ಆರು ದಿನಗಳೂ ಈ ಗುಮ್ಮಟವೂ ಒಂದೇ ಪುಟದಲ್ಲಿವೆ, ಒಂದು ಅಕ್ಷರಶಃ ಆದರೆ ಇನ್ನೊಂದು ಯಾಕಲ್ಲ?