ಮಂಜುಗಡ್ಡೆಯ ಕೆಳಗಿನ ಬೆಚ್ಚನೆಯ ನೀರು

ಉತ್ತರ ಧ್ರುವದ ಮಂಜುಗಡ್ಡೆ ಕರಗಿದರೆ ಕಡಲು ಉಕ್ಕಿ ಕರಾವಳಿಯ ಊರುಗಳು ಮುಳುಗುತ್ತವೆ ಎಂಬ ಮಾತನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಗ್ರೀನ್‌ಲೆಂಡಿನ ನೆಲದ ಮೇಲೆ ಕುಳಿತಿರುವ ಹಿಮರಾಶಿಗೆ ಈ ಮಾತು ಸಲ್ಲುತ್ತದೆ. ಅದು ಪೂರ್ತಿ ಕರಗಿದರೆ ಕಡಲ ಮಟ್ಟ ಸುಮಾರು 7 ಮೀಟರ್ ಏರುತ್ತದೆ. ಆದರೆ ಆರ್ಕ್ಟಿಕ್ ಸಾಗರದ ಮೇಲೆ ತೇಲುವ ಗಡ್ಡೆ ತನ್ನ ತೂಕದಷ್ಟು ನೀರನ್ನು ಈಗಾಗಲೇ ಸರಿಸಿ ಜಾಗ ಮಾಡಿಕೊಂಡಿರುವುದರಿಂದ, ಅದು ಕರಗಿದರೂ ಮಟ್ಟದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗುವುದಿಲ್ಲ. ಈ ಗೊಂದಲದಲ್ಲಿ ಇದಕ್ಕಿಂತ ಸ್ವಾರಸ್ಯವಾದ ಪ್ರಶ್ನೆಯೊಂದು ಮರೆಯಾಗುತ್ತದೆ: ಆ ಗಡ್ಡೆ ಇಷ್ಟು ಕಾಲ ಉಳಿದುಕೊಂಡದ್ದಾದರೂ ಹೇಗೆ? ಚಳಿಯಿಂದ ಎಂದುಬಿಟ್ಟರೆ ಅರ್ಧ ಉತ್ತರವಷ್ಟೇ ಆಯಿತು.

ಉಳಿದರ್ಧದ ಸುಳಿವು ಮೊದಲು ಸಿಕ್ಕಿದ್ದು ನಾರ್ವೆಯ ಅನ್ವೇಷಕ ಫ್ರಿಟ್ಯೋಫ್ ನಾನ್ಸೆನ್‌ಗೆ. ಸೈಬೀರಿಯದ ಉತ್ತರಕ್ಕೆ 1881ರಲ್ಲಿ ಮಂಜಿಗೆ ಸಿಕ್ಕಿ ನುಚ್ಚಾದ ‘ಜಾನೆಟ್’ ಹಡಗಿನ ಅವಶೇಷಗಳು ಮೂರು ವರ್ಷಗಳ ಬಳಿಕ ಗ್ರೀನ್‌ಲೆಂಡಿನ ತೀರದಲ್ಲಿ ದೊರೆತಾಗ, ಗಡ್ಡೆಯೇ ಅವನ್ನು ಹೊತ್ತು ತಂದಿರಬೇಕೆಂದು ಆತ ಊಹಿಸಿದ. ಆ ಊಹೆಯನ್ನು ಪರೀಕ್ಷಿಸಲು ‘ಫ್ರಾಮ್’ ಎಂಬ ಹಡಗನ್ನು ಕಟ್ಟಿಸಿ, 1893ರಲ್ಲಿ ಬೇಕೆಂದೇ ಮಂಜಿನಲ್ಲಿ ಸಿಕ್ಕಿಸಿ, ಗಡ್ಡೆ ಒಯ್ದತ್ತ ಹೋಗಲು ಬಿಟ್ಟ. ಅದು ಹೊರಬಂದದ್ದು 1896ರಲ್ಲಿ. ಆರ್ಕ್ಟಿಕ್ ಆಳವಿಲ್ಲದ ಕಡಲೆಂದು ಭಾವಿಸಿ ತಂದಿದ್ದ ಹಗ್ಗ ತಳ ಮುಟ್ಟದೆ, ಉಕ್ಕಿನ ತಂತಿಹಗ್ಗವನ್ನೇ ಎಳೆ ಎಳೆಯಾಗಿ ಬಿಚ್ಚಿ ಉದ್ದನೆಯ ಹೊಸ ಹಗ್ಗ ಹೊಸೆಯಬೇಕಾಯಿತು. ಹಾಗೆ ಅಳೆದಾಗ ಕಡಲು 3,000 ಮೀಟರಿಗೂ ಹೆಚ್ಚು ಆಳವಾಗಿತ್ತು. ಅದಕ್ಕಿಂತ ವಿಚಿತ್ರವಾದದ್ದೆಂದರೆ, ಮೇಲಿನ ನೀರು ಶೂನ್ಯಕ್ಕಿಂತ ತಣ್ಣಗಿದ್ದರೂ ಸುಮಾರು 200 ಮೀಟರ್ ಕೆಳಗೆ ಶೂನ್ಯಕ್ಕಿಂತ ಬೆಚ್ಚಗಿನ ನೀರಿತ್ತು. ಅದು ಅಟ್ಲಾಂಟಿಕ್‌ನಿಂದ ಹರಿದು ಬಂದ ನೀರು. ಮೇಲಿನ ಗಡ್ಡೆಯನ್ನೆಲ್ಲ ಕರಗಿಸಲು ಸಾಲುವಷ್ಟು ಶಾಖ ಅದರಲ್ಲಿದೆ.

ಬಚ್ಚಲಿನ ಹಂಡೆಯಲ್ಲಿ ಕಾದ ನೀರು ಮೇಲೇರುತ್ತದೆ. ಇಲ್ಲಿ ಮಾತ್ರ ಅದು ಕೆಳಗೇ ಉಳಿಯುತ್ತದೆ, ಏಕೆಂದರೆ ಶೂನ್ಯದ ಆಸುಪಾಸಿನಲ್ಲಿ ಕಡಲ ನೀರಿನ ಸಾಂದ್ರತೆಯನ್ನು ಮುಖ್ಯವಾಗಿ ನಿರ್ಧರಿಸುವುದು ಉಪ್ಪೇ ಹೊರತು ಶಾಖವಲ್ಲ. ಅಟ್ಲಾಂಟಿಕ್‌ನ ನೀರು ಬೆಚ್ಚಗಿದ್ದರೂ ಹೆಚ್ಚು ಉಪ್ಪಾಗಿದೆ. ಮೇಲಿನ ನೀರಿಗೆ ಸೈಬೀರಿಯದ ಓಬ್, ಯೆನಿಸೈ, ಲೇನಾ ನದಿಗಳ ಸಿಹಿನೀರು ಬೆರೆತಿದೆ. ಇವೆರಡರ ನಡುವೆ, ಸುಮಾರು 50ರಿಂದ 200 ಮೀಟರ್ ಆಳದಲ್ಲಿ, ಆಳಕ್ಕೆ ಹೋದಂತೆ ಉಪ್ಪು ಬೇಗ ಏರುವ, ವಿಜ್ಞಾನಿಗಳು ಹ್ಯಾಲೋಕ್ಲೈನ್ ಎಂದು ಕರೆಯುವ ಪದರವಿದೆ. ಈ ಲೇಖನ ಬರೆಯಲು ಕಾರಣವೇ ಈ ಪದರ.

ಐಸ್ ಕ್ಯಾಂಡಿಯನ್ನು ಚೀಪಿದ ಮಕ್ಕಳಿಗೆ ಇದರ ಗುಟ್ಟು ಗೊತ್ತು: ಬಣ್ಣವೂ ಸಿಹಿಯೂ ಬೇಗ ಬಾಯಿಗೆ ಬಂದು, ಕಡ್ಡಿಯಲ್ಲಿ ಸಪ್ಪೆ ಗಡ್ಡೆ ಉಳಿಯುತ್ತದೆ. ನೀರು ಹರಳುಗಟ್ಟುವಾಗ ತನ್ನಲ್ಲಿ ಕರಗಿದ್ದನ್ನು ಹೊರಕ್ಕೆ ತಳ್ಳುತ್ತದೆ. ಒಂದು ಕಿಲೋ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದ್ದರೆ, ಅದರಿಂದಾದ ಒಂದು ಚಳಿಗಾಲದ ಗಡ್ಡೆಯಲ್ಲಿ ಕಿಲೋಗೆ ನಾಲ್ಕಾರು ಗ್ರಾಂ ಮಾತ್ರ ಉಳಿಯುತ್ತದೆ. ವರ್ಷಗಟ್ಟಲೆ ಹಳತಾದ ಗಡ್ಡೆಯನ್ನು ಕರಗಿಸಿ ಕುಡಿಯಲೂಬಹುದು. ಸಾಣೀಕಟ್ಟೆಯ ಉಪ್ಪಿನ ಆಗರದಲ್ಲಿ ಬಿಸಿಲು ನೀರನ್ನು ಒಯ್ದು ಉಪ್ಪನ್ನು ಬಿಡುತ್ತದೆ. ಇಲ್ಲಿ ಚಳಿ ನೀರನ್ನು ಹಿಡಿದಿಟ್ಟು ಉಪ್ಪನ್ನು ಬಿಡುತ್ತದೆ. ಸೈಬೀರಿಯದ ಅಂಚಿನ ಆಳವಿಲ್ಲದ ಕಡಲುಗಳಲ್ಲಿ ಹೀಗೆ ಹೊರಬಿದ್ದ, ಹೆಪ್ಪುಗಟ್ಟುವಷ್ಟೇ ತಣ್ಣಗಿನ ಉಪ್ಪುನೀರು ಇಳಿಜಾರಿನಲ್ಲಿ ಜಾರಿ ನಡು ಪದರಕ್ಕೆ ಸೇರುತ್ತದೆಂದು ಓಗಾರ್ಡ್, ಕೋಚ್‌ಮನ್ ಮತ್ತು ಕಾರ್ಮ್ಯಾಕ್ ಎಂಬ ವಿಜ್ಞಾನಿಗಳು 1981ರಲ್ಲಿ ವಿವರಿಸಿದರು. ಆದ್ದರಿಂದ ಬಿರುಗಾಳಿ ಎಷ್ಟು ಕಡೆದರೂ ಮೇಲೆ ಬರುವುದು ತಣ್ಣೀರೇ. ಕಡಗೋಲು ಗಡಿಗೆಯ ತಳ ಮುಟ್ಟುವುದಿಲ್ಲ. ಬೇರೆ ಮಾತಿನಲ್ಲಿ ಹೇಳುವುದಾದರೆ, ಗಡ್ಡೆ ತಾನು ಹೊರಹಾಕಿದ ಉಪ್ಪಿನಿಂದಲೇ ತನ್ನ ಕಾವಲಿನ ಗೋಡೆಯನ್ನು ಕಟ್ಟಿಕೊಳ್ಳುತ್ತದೆ.

ಆ ಗೋಡೆ ಈಗ ತೆಳುವಾಗುತ್ತಿದೆ. ಸೈಬೀರಿಯದ ಅಂಚಿನ ಲಾಪ್ಟೇವ್ ಕಡಲಿನ ಉತ್ತರಕ್ಕೆ, ತಳಕ್ಕೆ ಲಂಗರು ಹಾಕಿ ವರ್ಷಗಟ್ಟಲೆ ನೀರಿನಲ್ಲೇ ಬಿಟ್ಟ ಉಪಕರಣಗಳ ದಾಖಲೆಗಳನ್ನು ಪರಿಶೀಲಿಸಿದ ವಿಜ್ಞಾನಿ ಇಗೋರ್ ಪೋಲ್ಯಕೋವ್ ಮತ್ತು ಸಂಗಡಿಗರು, ಹ್ಯಾಲೋಕ್ಲೈನ್ ದುರ್ಬಲವಾಗಿರುವುದನ್ನೂ, ಬೆಚ್ಚನೆಯ ನೀರು ಮೇಲಕ್ಕೆ ಸರಿದು ಚಳಿಗಾಲದಲ್ಲೂ ಗಡ್ಡೆಗೆ ಶಾಖ ಮುಟ್ಟಿಸುತ್ತಿರುವುದನ್ನೂ 2017ರಲ್ಲಿ ವರದಿ ಮಾಡಿದರು. ಇದಕ್ಕೆ ‘ಅಟ್ಲಾಂಟಿಫಿಕೇಷನ್’ ಎಂದು ಹೆಸರು. ಜರ್ಮನಿಯ ಸಂಶೋಧನಾ ಹಡಗು ‘ಪೋಲಾರ್‌ಸ್ಟೆರ್ನ್’ 2019ರ ಅಕ್ಟೋಬರಿನಲ್ಲಿ ನಾನ್ಸೆನ್‌ನಂತೆಯೇ ಗಡ್ಡೆಗೆ ಕಟ್ಟಿಕೊಂಡು ಹೊರಟಿತು. ಹತ್ತು ತಿಂಗಳೊಳಗೆ, 2020ರ ಜುಲೈ ಕೊನೆಗೆ, ಆ ಗಡ್ಡೆ ಗ್ರೀನ್‌ಲೆಂಡಿಗೂ ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳಿಗೂ ನಡುವಿನ ಫ್ರಾಮ್ ಜಲಸಂಧಿಯಲ್ಲಿ ಒಡೆದುಹೋಯಿತು. ಹೊರಟ ಜಾಗ ಬೇರೆಯಾದ್ದರಿಂದ ಎರಡು ಪಯಣಗಳ ಅವಧಿಯನ್ನು ನೇರವಾಗಿ ಹೋಲಿಸಲಾಗದು.

ಇದೇ ಬೆಚ್ಚನೆಯ ನೀರು ಸ್ವಾಲ್‌ಬಾರ್ಡಿನ ಪಶ್ಚಿಮ ತೀರದ ಕಾಂಗ್ಸ್‌ಫ್ಯೋರ್ಡ್ ಎಂಬ ಕಿರಿದಾದ ಕಡಲಚಾಚಿನೊಳಗೂ ನುಗ್ಗುತ್ತದೆ. ಭಾರತದ ‘ಹಿಮಾದ್ರಿ’ ಸಂಶೋಧನಾ ಕೇಂದ್ರ 2008ರಿಂದ ಆ ದಡದ ನ್ಯೂ ಆಲೆಸುಂಡ್‌ನಲ್ಲಿದೆ. ಗೋವಾ ಮತ್ತು ಚೆನ್ನೈನ ಸಂಸ್ಥೆಗಳ ವಿಜ್ಞಾನಿಗಳು 2014ರ ಜುಲೈನಲ್ಲಿ ಅಲ್ಲಿ 192 ಮೀಟರ್ ಆಳದ ನೀರಿನಲ್ಲಿ ‘ಇಂಡಾರ್ಕ್’ ಎಂಬ ಉಪಕರಣಗಳ ಸಾಲನ್ನು ಇಳಿಬಿಟ್ಟರು. ಚಳಿಗಾಲದ ಕತ್ತಲಲ್ಲಿಯೂ ಅದು ಉಪ್ಪನ್ನೂ ಶಾಖವನ್ನೂ ಅಳೆಯುತ್ತದೆ.