ಹಲಸಿನ ತೊಲೆಯ ಗಿಟಾರ್: 3 ಕೆಜಿ 510 ಗ್ರಾಂ

ಎಲೆಕ್ಟ್ರಿಕ್ ಗಿಟಾರ್ ಮಾಡಿಸಲು ಬರುವವರು ಮೊದಲು ಕೇಳುವುದು ಮರದ ವಿಷಯ. ಮಹಾಗನಿ ಹಾಕ್ತೀರಾ, ಆ್ಯಶ್ ಸಿಗುತ್ತಾ, ಇಂಥವೇ. ನಾನು ಮೊದಲು ಕೇಳುವುದು ಬೇರೆ. ನಿಂತು ಎಷ್ಟು ಹೊತ್ತು ನುಡಿಸ್ತೀಯಾ? ಮನೆಗೆ ಹೇಗೆ ಹೋಗ್ತೀಯಾ? ಡೊಂಬಿವಲಿಯಲ್ಲಿ ಕೂತು ಈ ಕೆಲಸ ಮಾಡುವವನಿಗೆ ಎರಡನೇ ಪ್ರಶ್ನೆ ತಮಾಷೆಯಲ್ಲ. ಸಂಜೆ ದಾದರಿನಲ್ಲಿ ಫಾಸ್ಟ್ ಲೋಕಲ್ ಹತ್ತಿ, ಬ್ಯಾಗನ್ನು ಎದೆಗೆ ಅವುಚಿಕೊಂಡು ನಿಂತವನಿಗೆ ಮೂರೂವರೆ ಕೆಜಿ ಯಾವುದು, ನಾಲ್ಕೂವರೆ ಕೆಜಿ ಯಾವುದು ಅಂತ ಠಾಣೆ ಬರುವಷ್ಟರಲ್ಲಿ ಗೊತ್ತಾಗುತ್ತದೆ.

ಕಳೆದ ವರ್ಷ ಜೂನ್‌ನಲ್ಲಿ ಮಾಟುಂಗದ ಹುಡುಗನೊಬ್ಬ ಬಂದ. ಕುಂದಾಪುರದ ಕಡೆಯವರು. ಊರಿನ ಹಳೆ ಮನೆ ಕೆಡವಿದಾಗ ಸಿಕ್ಕಿದ ಹಲಸಿನ ತೊಲೆಯ ತುಂಡೊಂದನ್ನು ಬಸ್ಸಿನ ಡಿಕ್ಕಿಗೆ ಹಾಕಿಸಿ ತಂದಿದ್ದ. "ಅಂಕಲ್, ಬಾಡಿ ಇದರಲ್ಲೇ ಆಗಬೇಕು. ಆದರೆ ಪೂರ್ತಿ ಗಿಟಾರ್ ಮೂರೂವರೆ ಕೆಜಿ ದಾಟಬಾರದು. ನಂಗೆ ಬೆನ್ನು ನೋವು."

ಹಲಸು ವಾದ್ಯಕ್ಕೆ ಹೊಸದೇನಲ್ಲ. ವೀಣೆಯ ಕೊಡ, ಮೃದಂಗದ ಮರದ ಒಡಲು ಎಲ್ಲ ಅದರದ್ದೇ. ಆದರೆ ಅವುಗಳನ್ನು ಒಳಗೆ ಟೊಳ್ಳು ಮಾಡುತ್ತಾರೆ. ನಮ್ಮದು ಗಟ್ಟಿ ಹಲಗೆ. ತೂಕದ ಗಲಾಟೆ ಶುರುವಾಗುವುದೇ ಅಲ್ಲಿ.

ಲೆಕ್ಕ ಸುಲಭ. ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರ್ ಗಿಟಾರಿನ ಆಕಾರದ ಬಾಡಿ, 45 ಮಿಲಿಮೀಟರ್ ದಪ್ಪ, ತಂತಿಯ ನಡುಕವನ್ನು ಹಿಡಿಯುವ ಪಿಕಪ್‌ನ ಗುಂಡಿಗಳನ್ನೆಲ್ಲ ಕೊರೆದ ಮೇಲೆ ಉಳಿಯುವ ಮರ ಸುಮಾರು ನಾಲ್ಕು ಲೀಟರ್ ಗಾತ್ರ. ತೊಲೆಯಿಂದ 30 ಸೆಂಟಿಮೀಟರ್ ಉದ್ದ, 10 ಅಗಲ, 5 ದಪ್ಪದ ಒಂದು ತುಂಡು ಕತ್ತರಿಸಿದೆ. ಅಂದರೆ ಒಂದೂವರೆ ಲೀಟರ್. ಅಡುಗೆಮನೆ ತಕ್ಕಡಿಯಲ್ಲಿಟ್ಟರೆ 930 ಗ್ರಾಂ. ಲೀಟರಿಗೆ 620 ಗ್ರಾಂ ಬಿತ್ತು. ಹಾಗಾದರೆ ಬಾಡಿಯೇ 2 ಕೆಜಿ 480. ನೆಕ್, ಅಂದರೆ ಎಡಗೈ ಹಿಡಿಯುವ ಉದ್ದನೆಯ ಕತ್ತು, 650. ಬಾಡಿಯ ಮೇಲೆ ತಂತಿ ಹಿಡಿದಿಡುವ ಬ್ರಿಜ್, ತುದಿಯಲ್ಲಿ ಶ್ರುತಿ ಮಾಡುವ ಟ್ಯೂನರ್‌, ಪಿಕಪ್, ಸ್ವಿಚ್ಚು, ಜ್ಯಾಕು ಸೇರಿ ಇನ್ನೊಂದು 850. ಒಟ್ಟು ನಾಲ್ಕಕ್ಕೆ 20 ಗ್ರಾಂ ಕಡಿಮೆ. ಹುಡುಗನ ಬೆನ್ನಿಗೆ ಅರ್ಧ ಕೆಜಿ ಜಾಸ್ತಿ.

ಇದು ಅವನೊಬ್ಬನ ಕಷ್ಟವಲ್ಲ. 1952ರಲ್ಲಿ ಬಂದ ಗಿಬ್ಸನ್ ಲೆಸ್ ಪಾಲ್ ಮಹಾಗನಿಯ ಮೇಲೆ ಮೇಪಲ್ ಅಂಟಿಸಿದ್ದು, ನಾಲ್ಕು ಕೆಜಿ ದಾಟುವುದು ಅದಕ್ಕೆ ಮಾಮೂಲು. ಫೆಂಡರ್‌ನವರು 1968ರಲ್ಲಿ ಟೆಲಿಕಾಸ್ಟರ್‌ನ ಹೊಟ್ಟೆ ಬಗೆದು ಥಿನ್‌ಲೈನ್ ಅಂತ ತಂದರು. ನಾನೂ ಅದೇ ದಾರಿ ಹಿಡಿದೆ. ಬಾಡಿಯನ್ನು ಒಳಗಿನಿಂದ ಕೊರೆದು, ಮೇಲೆ ಅದೇ ಮರದ 6 ಮಿಲಿಮೀಟರ್ ಹಲಗೆ ಮುಚ್ಚುವುದು. 800 ಸಿಸಿ ಮರ ತೆಗೆದರೆ ಅರ್ಧ ಕೆಜಿ ಇಳಿಯುತ್ತದೆ.

"ಹಾಗೆ ಮಾಡಿದರೆ ಸೌಂಡ್ ಹೋಗಲ್ವಾ?" ಅಂದ. ಎಲ್ಲರೂ ಕೇಳುವುದೇ. ನನ್ನ ಕಿವಿಗೆ ಕೇಳಿಸಿದ್ದನ್ನು ಹೇಳ್ತೀನಿ. ಆ್ಯಂಪಿಗೆ ಹಾಕಿದ ಮೇಲೆ ಮರ ಬದಲಿಸಿದ್ದಕ್ಕಿಂತ ಪಿಕಪ್ಪನ್ನು ಎರಡು ಮಿಲಿಮೀಟರ್ ಕೆಳಗಿಳಿಸಿದ್ದು ಜಾಸ್ತಿ ಗೊತ್ತಾಗುತ್ತದೆ. ಉಕ್ಕಿನ ತಂತಿ ಅಯಸ್ಕಾಂತದ ಮುಂದೆ ನಡುಗಿ ಸುರುಳಿಯಲ್ಲಿ ಕರೆಂಟ್ ಹುಟ್ಟಿಸುತ್ತದೆ, ಅಷ್ಟೇ. ಒಪ್ಪದವರು ತುಂಬಾ ಜನ ಇದ್ದಾರೆ. ಅವರಲ್ಲಿ ಹೆಚ್ಚಿನವರು ಮರಕ್ಕೆ ದುಡ್ಡು ಹಾಕಿ ಆಗಿದೆ.

ತೊಲೆಯನ್ನು ತಕ್ಷಣ ಕೊಯ್ಯಲಿಲ್ಲ. ಹಳೆ ಮರವೇ ಆದರೂ ಮುಂಬೈ ಮಳೆಗಾಲದ ಗಾಳಿ ಕುಡಿದು ಜುಲೈಯಲ್ಲಿ ತೂಕ ಏರಿತ್ತು. ವಾರಕ್ಕೊಮ್ಮೆ ತೂಗಿ ಮರದ ಮೇಲೇ ಪೆನ್ಸಿಲ್‌ನಲ್ಲಿ ಬರೆದಿಡುತ್ತಾ ಬಂದೆ. ದೀಪಾವಳಿ ಹೊತ್ತಿಗೆ ಮೂರು ವಾರ ಒಂದೇ ಅಂಕಿ ಬಂತು. ಆಮೇಲೆ ಅಯಸ್ಕಾಂತ ಹಿಡಿದು ಮೈಯೆಲ್ಲ ಸವರಿದೆ. ಏಳು ಮೊಳೆ ಸಿಕ್ಕವು. ಎಂಟನೆಯದು ಮರ ಕೊರೆಯುವ ರೂಟರ್ ಯಂತ್ರಕ್ಕೆ ಸಿಕ್ಕಿತು. ಬಿಟ್ ಎರಡು ತುಂಡು.

ಎಲ್ಲಿ ಕೊರೆಯಬೇಕು ಅನ್ನುವುದೇ ನಿಜವಾದ ತಲೆನೋವು. ಬ್ರಿಜ್‌ನಿಂದ ನೆಕ್‌ವರೆಗೆ ನಡುವಿನ ಪಟ್ಟಿ ಗಟ್ಟಿಯಾಗಿಯೇ ಇರಬೇಕು, ತಂತಿಗಳು ಎಳೆಯುವುದು ಅಲ್ಲೇ. ಉಳಿದದ್ದು ಎರಡು ಪಕ್ಕ. ಆದರೆ ಬಾಡಿ ಹಗುರವಾದಷ್ಟೂ ನೆಕ್ ನೆಲ ನೋಡುತ್ತದೆ. ಎಡಗೈ ಸ್ವರ ಹಿಡಿಯುವುದನ್ನು ಬಿಟ್ಟು ನೆಕ್ ಹೊರುವ ಕೂಲಿಯಾಗುತ್ತದೆ. ಇಂಥ ಮೂರು ಕೆಜಿ ಗಿಟಾರಿಗಿಂತ ನೆಟ್ಟಗೆ ನಿಲ್ಲುವ ನಾಲ್ಕು ಕೆಜಿಯದು ಎಷ್ಟೋ ವಾಸಿ. ಅದಕ್ಕೇ ಬ್ರಿಜ್‌ನ ಹಿಂದಿನ ಬುಡವನ್ನು ಮುಟ್ಟಲಿಲ್ಲ. ಸೊಂಟದ ಹತ್ತಿರ, ನೆಕ್ ಕಡೆಗೇ ಜಾಸ್ತಿ ಕೊರೆದೆ. ಟ್ಯೂನರ್‌ಗಳನ್ನೂ ಹಗುರದವೇ ಹಾಕಿದೆ. ಅಷ್ಟು ದೂರದ ತುದಿಯಲ್ಲಿ 50 ಗ್ರಾಂ ಇಳಿದರೆ ಬಾಡಿಯಲ್ಲಿ ಅದರ ಎಷ್ಟೋ ಪಟ್ಟು ಇಟ್ಟ ಹಾಗೆ. ಮುಚ್ಚಳ ಅಂಟಿಸುವ ಮೊದಲು ಎಲ್ಲವನ್ನೂ ಟೇಪಿನಲ್ಲಿ ಕಟ್ಟಿ, ಸ್ಟ್ರಾಪ್ ಹಾಕಿ ಹುಡುಗನ ಹೆಗಲಿಗೆ ತಗುಲಿಸಿದೆ. "ಕೈ ಬಿಡು." ಬಿಟ್ಟ. ನೆಕ್ ಸ್ವಲ್ಪ ಯೋಚನೆ ಮಾಡಿ ಅಲ್ಲೇ ನಿಂತಿತು.

ಇಲ್ಲಿ ನನ್ನದೊಂದು ಹಳೆ ಪೆದ್ದುತನ ಹೇಳಲೇಬೇಕು. ಮೊದಲ ಸಲ ಹೀಗೆ ಟೊಳ್ಳು ಬಾಡಿ ಮಾಡಿದಾಗ ಪಿಕಪ್ ಗುಂಡಿಯಿಂದ ವಾಲ್ಯೂಮ್ ಗುಂಡಿಗೆ ವೈರ್ ಹೋಗುವ ತೂತು ಕೊರೆಯದೇ ಮುಚ್ಚಳ ಅಂಟಿಸಿಬಿಟ್ಟಿದ್ದೆ. ರಾತ್ರಿಯೆಲ್ಲ ಹದಿನಾರು ಕ್ಲ್ಯಾಂಪ್ ಹಾಕಿ ಕೂರಿಸಿದ್ದು ಬೇರೆ. ಮರುದಿನ ಒಂದಡಿ ಉದ್ದದ ಡ್ರಿಲ್ ಬಿಟ್ ತಂದು, ಜ್ಯಾಕಿನ ತೂತಿನಿಂದ ಅಂದಾಜಿನಲ್ಲಿ ಓರೆಯಾಗಿ ಕೊರೆದೆ, ಉಸಿರು ಬಿಗಿಹಿಡಿದು. ಈಗ ವೈರಿಂಗ್ ನಕ್ಷೆ ಬರೆಯದೆ ಉಳಿ ಮುಟ್ಟುವುದಿಲ್ಲ.

ಹುಡುಗನಿಗೆ ಬೇಕಿದ್ದದ್ದು ಎರಡು ಹಂಬಕರ್ (ಜೋಡಿ ಸುರುಳಿಯ ಪಿಕಪ್), ಒಂದು ವಾಲ್ಯೂಮ್, ಒಂದು ಟೋನ್, ಮೂರು ಕಡೆ ತಿರುಗುವ ಸ್ವಿಚ್ಚು. ಹಂಬಕರ್‌ಗೆ 500ಕೆ, ಅಂದರೆ 500 ಕಿಲೋ ಓಮ್‌ನ ಪಾಟ್ ಹಾಕುತ್ತೇವೆ, ಒಂಟಿ ಸುರುಳಿಯ ಪಿಕಪ್‌ಗೆ 250ಕೆ. ಪಾಟ್ ಅಂದರೆ ವಾಲ್ಯೂಮ್, ಟೋನ್ ತಿರುಗಿಸುವಾಗ ಒಳಗೆ ತಿರುಗುವ ರೆಸಿಸ್ಟರ್, ಕಾಲುವೆ ಬದಿಯ ಸಣ್ಣ ತೂಬಿನ ಹಾಗೆ. ಪೂರ್ತಿ ತಿರುಗಿಸಿ ಇಟ್ಟಾಗಲೂ ಅದರ ಮೂಲಕ ಒಂದಷ್ಟು ಹೈ ಫ್ರೀಕ್ವೆನ್ಸಿ ಸೋರಿ ಗ್ರೌಂಡಿಗೆ ಹೋಗುತ್ತದೆ. 250ಕೆ ಅಂದರೆ ತಡೆ ಕಡಿಮೆ, ತೂಬು ದೊಡ್ಡದು. ಒಂಟಿ ಸುರುಳಿ ಮೊದಲೇ ಚುರುಕು ದನಿಯದು, ಅದಕ್ಕೆ ನಡೆಯುತ್ತದೆ. ಹಂಬಕರ್‌ಗೆ ಹಾಕಿದರೆ ಕಂಬಳಿ ಹೊದ್ದು ಹಾಡಿದಂತೆ.

ಗ್ರಾಂಟ್ ರೋಡ್ ಸ್ಟೇಷನ್ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋದರೆ ಪಾಟ್‌ಗಳು ರಾಶಿ ಬಿದ್ದಿರುತ್ತವೆ. 500ಕೆ ಲಾಗ್ ಕೇಳಿದರೆ ಲೀನಿಯರ್ ಕೊಡುತ್ತಾರೆ. "ಸಬ್ ಸೇಮ್ ಹೈ." ಸೇಮ್ ಅಲ್ಲ. ಲೀನಿಯರ್ ತಿರುಗಿಸಿದಷ್ಟೇ ಸಮನಾಗಿ ಬದಲಾಗುತ್ತದೆ, ಲಾಗ್ ನಮ್ಮ ಕಿವಿ ಕೇಳುವ ಲೆಕ್ಕದಲ್ಲಿ. ಲೀನಿಯರನ್ನು ವಾಲ್ಯೂಮಿಗೆ ಹಾಕಿದರೆ ಹತ್ತರಿಂದ ಮೂರರವರೆಗೆ ಏನೂ ಆಗದು, ಆಮೇಲೆ ದಿಢೀರನೆ ಇಳಿಯುತ್ತದೆ. ನಾನು ಮಲ್ಟಿಮೀಟರ್ ಜೇಬಿನಲ್ಲಿಟ್ಟುಕೊಂಡೇ ಹೋಗುತ್ತೇನೆ. ಪಾಟನ್ನು ಅರ್ಧಕ್ಕೆ ತಿರುಗಿಸಿ ನಡುವಿನ ಕಾಲಿನಿಂದ ಎರಡೂ ತುದಿ ಅಳೆಯಿರಿ. ಎರಡು ಕಡೆಯೂ 250 ತೋರಿಸಿದರೆ ಲೀನಿಯರ್. ಒಂದು ಕಡೆ 50ರಿಂದ 100, ಇನ್ನೊಂದು ಕಡೆ ಉಳಿದದ್ದೆಲ್ಲ ತೋರಿಸಿದರೆ ಲಾಗ್. ಟೋನಿಗೆ 0.022 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಸಾಕು. ಸಾವಿರಾರು ರೂಪಾಯಿಯ ಎಣ್ಣೆ ಕಾಗದದ ಕೆಪಾಸಿಟರ್ ಬೇಕು ಅಂದವರಿಗೆ ತರಿಸಿ ಕೊಡುತ್ತೇನೆ, ವಾದ ಮಾಡುವುದಿಲ್ಲ.

ಬೆಸುಗೆಯಲ್ಲಿ ಕೈಕೊಡುವುದು ಒಂದೇ ಜಾಗ, ಪಾಟಿನ ಬೆನ್ನು. ಗ್ರೌಂಡ್ ವೈರ್‌ಗಳೆಲ್ಲ ಅಲ್ಲೇ ಕೂರುವುದು. 25 ವ್ಯಾಟ್ ಐರನ್ನಿನ ಬಿಸಿಯನ್ನೆಲ್ಲ ಆ ಲೋಹ ಹೀರಿಕೊಳ್ಳುತ್ತದೆ. ಸೋಲ್ಡರ್ ಕರಗಿದ ಹಾಗೆ ಕಾಣುತ್ತದೆ, ಅಂಟಿರುವುದಿಲ್ಲ. ಮರಳು ಕಾಗದದಲ್ಲಿ ಬೆನ್ನು ಉಜ್ಜಿ, 60 ವ್ಯಾಟ್‌ನದ್ದು ತಂದು ಮೂರು ಸೆಕೆಂಡ್‌ನಲ್ಲಿ ಮುಗಿಸಿ.

ಕೆಲಸ ಮುಗಿಸಿ ತೂಗಿದರೆ 3 ಕೆಜಿ 510. ಪಾಲಿಶ್‌ನ ತೂಕ ಲೆಕ್ಕಕ್ಕೆ ಹಿಡಿದಿರಲಿಲ್ಲ. ಹತ್ತು ಗ್ರಾಂ ಮಾಫಿ ಮಾಡಿ ಹುಡುಗ ತೆಗೆದುಕೊಂಡು ಹೋದ.

ಮೂರನೇ ದಿನ ಫೋನ್. "ಅಂಕಲ್, ಗುಂಯ್ ಅಂತಿದೆ. ಹಂಬಕರ್ ಅಂದ್ರೆ ಗುಂಯ್ ಅನ್ನಬಾರದು ಅಲ್ವಾ? ಎಲ್ಲೋ ಸೋಲ್ಡರ್ ಬಿಟ್ಟಿದೆ." ಅವನ ಮಾತು ಅರ್ಧ ಸರಿ. ಗಿಬ್ಸನ್‌ನಲ್ಲಿದ್ದ ಸೆತ್ ಲವರ್ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಈ ಪಿಕಪ್‌ನಲ್ಲಿ ಎರಡು ಸುರುಳಿ, ಒಂದಕ್ಕೊಂದು ತಿರುಗುಮುರುಗು. ಟ್ರಾನ್ಸ್‌ಫಾರ್ಮರ್‌ನ ಕಾಂತದಿಂದ ಬರುವ 50 ಹರ್ಟ್ಸ್ ಗುಂಯ್ಯನ್ನು ಒಂದನ್ನೊಂದು ಕಳೆದುಹಾಕುತ್ತವೆ. ಆದರೆ ಬೇರೆ ದಾರಿಯಿಂದ ಬಂದ ಗದ್ದಲಕ್ಕೆ ಅವೇನೂ ಮಾಡಲಾರವು.

"ತಂತಿ ಮುಟ್ಟಿದರೆ ಕಡಿಮೆಯಾಗುತ್ತಾ, ಜಾಸ್ತಿಯಾಗುತ್ತಾ?" ಅಂದೆ. ಮುಟ್ಟಿದಾಗ ಕಡಿಮೆಯಾದರೆ ಎಲ್ಲ ಸರಿ ಇದೆ ಅಂತ. ಬ್ರಿಜ್‌ನ ಗ್ರೌಂಡ್ ವೈರ್ ನಮ್ಮ ಮೈಯನ್ನೂ ಅರ್ತಿಗೆ ಸೇರಿಸುತ್ತದೆ. ಏನೂ ಬದಲಾಗದಿದ್ದರೆ ಆ ವೈರ್ ಬಿಟ್ಟಿದೆ.

"ಜಾಸ್ತಿಯಾಗುತ್ತೆ ಅಂಕಲ್. ಬ್ರಿಜ್ ಮುಟ್ಟಿದರೆ ಬೆರಳು ಸ್ವಲ್ಪ ಜುಮ್ ಅನ್ನುತ್ತೆ."

"ಮೊದಲು ಪ್ಲಗ್ ಕಿತ್ತು ಹಾಕು ಮಾರಾಯ."

ಸಂಜೆ ಹೋದೆ. ಮೊದಲು ಗಿಟಾರ್ ನೋಡಿದೆ. ಬ್ರಿಜ್‌ನಿಂದ ಜ್ಯಾಕಿನ ಹೊರಗಿನ ಕಾಲಿಗೆ ಒಂದು ಓಮ್‌ಗಿಂತ ಕಡಿಮೆ. ಬೆಸುಗೆ ಗಟ್ಟಿ. ಆಮೇಲೆ ಮೂರು ದೀಪದ ಸಾಕೆಟ್ ಟೆಸ್ಟರನ್ನು ಗೋಡೆಗೆ ಸಿಕ್ಕಿಸಿದೆ. ಅರ್ತ್ ದೀಪ ಹತ್ತಲಿಲ್ಲ. ಹಳೆ ಕಟ್ಟಡ. ಗೋಡೆಗೆ ಬಣ್ಣ ಹೊಡೆಸಿದಾಗ ಸ್ವಿಚ್‌ಬೋರ್ಡನ್ನೂ ಹೊಸದು ಹಾಕಿಸಿದ್ದರಂತೆ. ಅಂದರೆ ಆ್ಯಂಪಿನ ಡಬ್ಬಿ, ಅದರಿಂದ ಕೇಬಲ್, ಬ್ರಿಜ್, ತಂತಿ, ಹುಡುಗನ ಬೆರಳು ಎಲ್ಲ ಒಂದೇ ಸರಪಳಿ, ಆ ಸರಪಳಿಗೆ ನೆಲವೇ ಇಲ್ಲ. ಕೈಯಲ್ಲಿ ಗಿಟಾರ್ ಹಿಡಿದು, ಬೇರೆ ಲೈನಿನಿಂದ ಬಂದ ಮೈಕಿಗೆ ತುಟಿ ತಾಗಿಸಿದ್ದರೆ ಜುಮ್ ಅಷ್ಟಕ್ಕೇ ನಿಲ್ಲದೆ ಇರಬಹುದಿತ್ತು.

ಎಲೆಕ್ಟ್ರಿಷಿಯನ್ ಬಂದು ಮೇನ್ ಆಫ್ ಮಾಡಿ ಬೋರ್ಡ್ ಬಿಚ್ಚಿದ. ಅರ್ತಿನ ಹಸಿರು ವೈರ್ ಒಳಗೇ ಇತ್ತು. ಮಡಚಿ, ತುದಿಗೆ ಟೇಪ್ ಸುತ್ತಿ, ಯಾವುದಕ್ಕೂ ಸೇರಿಸದೆ ಮೂಲೆಗೆ ತುರುಕಿಟ್ಟಿದ್ದರು.